ಚಿಕ್ಕಬಳ್ಳಾಪುರ ಸೀಮೆಯ ನರ್ಸಿಂಗ್ ಕಲಿಕೆ

ಹಳೆಯ ಕೋಲಾರ ಜಿಲ್ಲೆಯ ಉತ್ತರ ಭಾಗ, ಅಂದರೆ ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ರೋಗಿಯ ಆರೈಕೆ ಬಹುಕಾಲ ಮನೆಯ ಹೆಂಗಸರ ಪಾಲಿನ ಕೆಲಸವಾಗಿತ್ತು. ಜ್ವರ ಬಂದವರಿಗೆ ಗಂಜಿ ಕಾಯಿಸುವುದು, ಬಾಣಂತಿಗೆ ನೀರೆರೆಯುವುದು, ಹಾಸಿಗೆ ಹಿಡಿದ ಮುದುಕರ ಮೈ ಒರೆಸುವುದು ಇವಕ್ಕೆ ಕೂಲಿ ಇರಲಿಲ್ಲ, ಕಲಿಸುವ ಶಾಲೆಯೂ ಇರಲಿಲ್ಲ. ಕಸುಬು ಎನ್ನಿಸಿಕೊಂಡದ್ದು ಹೆರಿಗೆ ಮಾಡಿಸುವುದೊಂದೇ. ಸೂಲಗಿತ್ತಿ ತನ್ನ ವಿದ್ಯೆಯನ್ನು ತಾಯಿಯಿಂದಲೋ ಅಜ್ಜಿಯಿಂದಲೋ ಅತ್ತೆಯಿಂದಲೋ ಪಡೆಯುತ್ತಿದ್ದಳು. ದೊಡ್ಡವಳ ಜೊತೆ ಹತ್ತಾರು ಹೆರಿಗೆಗೆ ಹೋಗಿ, ಬಿಸಿನೀರು ಕೊಟ್ಟು, ಬಟ್ಟೆ ಒಗೆದು, ಒಂದು ದಿನ ತಾನೇ ಮಗುವನ್ನು ಕೈಗೆತ್ತಿಕೊಂಡಳೆಂದರೆ ಅವಳ ಕಲಿಕೆ ಮುಗಿದಂತೆ. ಈ ಪರಂಪರೆ ಇತ್ತೀಚಿನವರೆಗೂ ಉಸಿರಾಡುತ್ತಿತ್ತು. ಇದೇ ಬಯಲುಸೀಮೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಹೆಸರಾದರು. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಶಾಲೆಯ ಮೆಟ್ಟಿಲು ಹತ್ತದೆ ಕಲಿತ ಕೊನೆಯ ತಲೆಮಾರು ಅದು.

ಶಾಲೆಯಲ್ಲಿ ಕಲಿಸಬಹುದಾದ ಕೆಲಸವಾಗಿ ಶುಶ್ರೂಷೆ ದಕ್ಷಿಣ ಭಾರತಕ್ಕೆ ಬಂದದ್ದು ಮದರಾಸಿನ ಮೂಲಕ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ತರಬೇತಿ ಶಾಲೆ ಶುರುವಾದದ್ದು 1860ರಲ್ಲಿ. ಹನ್ನೊಂದು ವರ್ಷಗಳ ನಂತರ, 1871ರಲ್ಲಿ, ಮದರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ನರ್ಸುಗಳ ತರಬೇತಿ ಆರಂಭವಾಯಿತು. ಮೈಸೂರು ಸಂಸ್ಥಾನಕ್ಕೆ ಮೊದಲು ಬೇಕೆನಿಸಿದ್ದು ನರ್ಸುಗಳಲ್ಲ, ಸೂಲಗಿತ್ತಿಯರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸರ್ಕಾರ ತರಬೇತಾದ ಸೂಲಗಿತ್ತಿಯರನ್ನು ತಾಲ್ಲೂಕು ಕೇಂದ್ರಗಳಿಗೆ ನೇಮಿಸತೊಡಗಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ವೈದ್ಯರಷ್ಟೇ ಸಾಲದು, ಹಗಲಿರುಳು ರೋಗಿಯ ಪಕ್ಕ ನಿಲ್ಲುವ ಕೈಗಳೂ ಬೇಕು ಎಂಬುದು ಎಲ್ಲರಿಗೂ ಮನದಟ್ಟಾಯಿತು. 1900ರ ಡಿಸೆಂಬರ್ 8ರಂದು ವೈಸರಾಯ್ ಕರ್ಜನ್ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯನ್ನು ತೆರೆದ ಮೇಲೆ ಸಂಸ್ಥಾನದಲ್ಲಿ ದೊಡ್ಡ ಆಸ್ಪತ್ರೆಯ ಕಾಲ ಬಂತು.

ಕೋಲಾರ ಜಿಲ್ಲೆಗೆ ಆ ಕಾಲವನ್ನು ತಂದವರು ಮಿಷನರಿಗಳು. ಅದರ ಹಿನ್ನೆಲೆಯಲ್ಲಿ ಒಂದು ಬರಗಾಲವಿದೆ. 1876ರಿಂದ 1878ರವರೆಗಿನ ಮಹಾ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಕೆರೆಗಳನ್ನೇ ನಂಬಿದ ಕೋಲಾರದ ಸೀಮೆಗೆ ಬಿದ್ದ ಪೆಟ್ಟು ಬಲವಾದದ್ದು. ಆ ದಿನಗಳಲ್ಲಿ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ಅನಾಥ ಮಕ್ಕಳನ್ನು ಕೂಡಿಸಿಕೊಂಡು ಒಂದು ಆಶ್ರಯಧಾಮ ಕಟ್ಟಿದರು. 1890ರಲ್ಲಿ ಅದು ಮೆಥೋಡಿಸ್ಟ್ ಮಿಷನ್ನಿನ ಕೈಗೆ ಬಂತು. ಅದೇ ಮಿಷನ್ 1910ರಲ್ಲಿ ಕೋಲಾರದಲ್ಲಿ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯನ್ನು ತೆರೆಯಿತು. ಇಂದಿಗೂ ಜನ ಅದನ್ನು ಇಟಿಸಿಎಂ ಎಂದೇ ಕರೆಯುತ್ತಾರೆ. ಅನಾಥಾಶ್ರಮದ ಇತಿಹಾಸಕ್ಕೂ ನರ್ಸಿಂಗ್ ಇತಿಹಾಸಕ್ಕೂ ಇರುವ ನಂಟು ಸರಳವಾದದ್ದು: ಓದು ಬರಹ ಬಲ್ಲ, ಮದುವೆಯ ಆತುರ ಇಲ್ಲದ, ಮನೆಯಿಂದ ಹೊರಗೆ ಇರಲು ಒಪ್ಪುವ ಹೆಣ್ಣುಮಕ್ಕಳು ಆ ಕಾಲದಲ್ಲಿ ಸಿಗುತ್ತಿದ್ದುದು ಹೆಚ್ಚಾಗಿ ಮಿಷನ್ ಶಾಲೆ ಮತ್ತು ಬೋರ್ಡಿಂಗುಗಳಲ್ಲೇ.

ಚಿಕ್ಕಬಳ್ಳಾಪುರ ಲಂಡನ್ ಮಿಷನರಿ ಸೊಸೈಟಿಯ ಪಾಲಿಗೆ ಬಂದ ಊರು. ಆ ಸಂಸ್ಥೆ ಬೆಂಗಳೂರಿನಲ್ಲಿ 1820ರಿಂದಲೇ ಕೆಲಸ ಮಾಡುತ್ತಿತ್ತು. ಕಡಪ ಜಿಲ್ಲೆಯ ಜಮ್ಮಲಮಡುಗಿನಲ್ಲಿ ಆಸ್ಪತ್ರೆ ಕಟ್ಟಿ ಹೆಸರು ಮಾಡಿದ್ದ ಡಾ. ಟಿ. ವಿ. ಕ್ಯಾಂಪ್‌ಬೆಲ್ ಇಲ್ಲಿಗೆ ಬಂದರು. 1913ರಲ್ಲಿ ವಾರ್ಡ್‌ಲಾ ಥಾಂಪ್ಸನ್ ಆಸ್ಪತ್ರೆ ಆರಂಭವಾಯಿತು. ಥಾಂಪ್ಸನ್ ಸೊಸೈಟಿಯ ಲಂಡನ್ ಕಚೇರಿಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಕಾರ್ಯದರ್ಶಿಯಾಗಿದ್ದವರು. ಆಸ್ಪತ್ರೆ ತೆರೆದ ಕಾಲಕ್ಕೆ, ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಎಂ. ವಿಶ್ವೇಶ್ವರಯ್ಯ ಸಂಸ್ಥಾನದ ದಿವಾನರಾಗಿದ್ದರು. ಅದೇ ದಶಕದಲ್ಲಿ ಕೋಲಾರದ ಕಡೆಯಿಂದ ಚಿಂತಾಮಣಿ, ಶಿಡ್ಲಘಟ್ಟ ಹಾಯ್ದು ಚಿಕ್ಕಬಳ್ಳಾಪುರಕ್ಕೆ ಸಣ್ಣ ರೈಲು ಬಂತು. ಆ ಊರುಗಳ ರೋಗಿಗಳಿಗೆ ಎತ್ತಿನ ಗಾಡಿಯ ಜೊತೆಗೆ ಇನ್ನೊಂದು ದಾರಿ ಸಿಕ್ಕಿತು. ಆಸ್ಪತ್ರೆಗೆ ರೋಗಿ ಬರುವ ದಾರಿಯೇ ಕಲಿಯುವ ಹುಡುಗಿ ಬರುವ ದಾರಿಯೂ ಆಗಿತ್ತು ಎನ್ನುವುದನ್ನು ನೆನಪಿಡಬೇಕು. ಹಾಸಿಗೆ ಇದ್ದಲ್ಲಿ ಮಾತ್ರ ನರ್ಸಿಂಗ್ ಕಲಿಯಬಹುದು. ಈ ಸೀಮೆಯ ನರ್ಸಿಂಗ್ ಇತಿಹಾಸದ ತಿರುವುಗಳೆಲ್ಲ ಕಡೆಗೆ ಹಾಸಿಗೆಗಳು ಎಲ್ಲಿದ್ದವು, ಯಾರ ಕೈಯಲ್ಲಿದ್ದವು ಎಂಬ ಪ್ರಶ್ನೆಗೇ ಬಂದು ನಿಲ್ಲುತ್ತವೆ.

ಮಿಷನ್ ಆಸ್ಪತ್ರೆಗಳ ಕಾಲದಲ್ಲಿ ನರ್ಸಿಂಗ್ ಶಾಲೆ ಎಂದರೆ ಬೇರೆ ಕಟ್ಟಡವಲ್ಲ. ಆಸ್ಪತ್ರೆಯೇ ಶಾಲೆ, ಮೇಟ್ರನ್ ಎನ್ನಿಸಿಕೊಂಡ ಹಿರಿಯ ನರ್ಸೇ ಪ್ರಿನ್ಸಿಪಾಲ್. ಸೇರಬೇಕೆಂದವಳು ಮುದ್ರಿತ ಅರ್ಜಿ ತುಂಬುವುದಕ್ಕಿಂತ ಮುಖ್ಯವಾಗಿ ಒಂದು ಶಿಫಾರಸು ಪತ್ರ ತರಬೇಕಿತ್ತು. ಪಾದ್ರಿಯೋ ಶಾಲೆಯ ಮುಖ್ಯೋಪಾಧ್ಯಾಯಿನಿಯೋ ಅವಳ ನಡತೆಗೆ ಸಾಕ್ಷಿ ಹೇಳುತ್ತಿದ್ದರು. ಮಾಧ್ಯಮಿಕ ಶಾಲೆಯವರೆಗಿನ ಓದು, ಗಟ್ಟಿಮುಟ್ಟಾದ ಆರೋಗ್ಯ, ಅವಿವಾಹಿತೆ ಅಥವಾ ವಿಧವೆಯಾಗಿರುವುದು ಇಷ್ಟಿದ್ದರೆ ಮಾತುಕತೆ ಮುಂದುವರಿಯುತ್ತಿತ್ತು. ಮೊದಲ ಕೆಲವು ತಿಂಗಳು ಅವಳು ಪ್ರೊಬೇಷನರ್, ಅಂದರೆ ಪರೀಕ್ಷಾರ್ಥಿ. ಆ ಅವಧಿಯಲ್ಲಿ ಪಾಠಕ್ಕಿಂತ ಹೆಚ್ಚಾಗಿ ನಡೆಯುತ್ತಿದ್ದುದು ಅವಳ ಪರೀಕ್ಷೆ: ಬೆಳಗಿನ ಜಾವ ಎದ್ದೇಳುತ್ತಾಳೋ, ಹೊಲಸು ಕಂಡರೆ ಮುಖ ತಿರುಗಿಸುತ್ತಾಳೋ, ಹೇಳಿದ್ದನ್ನು ಮರೆಯದೆ ಮಾಡುತ್ತಾಳೋ ಎಂದು ಹಿರಿಯರು ನೋಡುತ್ತಿದ್ದರು. ತಡೆದು ನಿಂತವಳಿಗೆ ಸಮವಸ್ತ್ರ, ತಲೆಗೆ ಬಿಳಿ ಟೋಪಿ. ಸೇರುವಾಗ ಹೇಳುವ ನೈಟಿಂಗೇಲ್ ಪ್ರತಿಜ್ಞೆ 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ರಚನೆಯಾದದ್ದು, ನೈಟಿಂಗೇಲ್ ಬರೆದದ್ದಲ್ಲ. ದೀಪ ಹಿಡಿದು ಅದನ್ನು ಹೇಳುವ ಸಮಾರಂಭ ಇಂದಿಗೂ ನಡೆಯುತ್ತದೆ.

ಅಲ್ಲಿಂದ ಮುಂದೆ ಅವಳು ಅರ್ಧ ವಿದ್ಯಾರ್ಥಿನಿ, ಅರ್ಧ ಕೆಲಸದವಳು. ಹಗಲು ಪಾಳಿ, ರಾತ್ರಿ ಪಾಳಿ, ನಡುವೆ ಸಿಕ್ಕ ಸಂಜೆಯಲ್ಲಿ ಡಾಕ್ಟರರ ಪಾಠ. ಊಟ, ವಸತಿ, ಸಣ್ಣ ಸಂಭಾವನೆ ಆಸ್ಪತ್ರೆಯದು; ಪ್ರತಿಯಾಗಿ ವಾರ್ಡಿನ ದುಡಿಮೆಯ ಬಹುಪಾಲು ಅವಳದು. ಬ್ಯಾಂಡೇಜ್ ಬಟ್ಟೆಯನ್ನು ಒಗೆದು, ಸುತ್ತಿ, ಹಬೆಯಲ್ಲಿಟ್ಟು ಮತ್ತೆ ಬಳಸುತ್ತಿದ್ದ ಕಾಲ. ಸಿರಿಂಜನ್ನು ಕುದಿಸಬೇಕು, ಬೆಡ್‌ಪ್ಯಾನ್ ತೊಳೆಯಬೇಕು, ನಾಡಿ ಎಣಿಸಿ ಚೀಟಿಯಲ್ಲಿ ಬರೆಯಬೇಕು. ಆಸ್ಪತ್ರೆಗೆ ಅಗ್ಗದ ದುಡಿಮೆ ಸಿಗುತ್ತಿತ್ತು ಎಂಬ ಟೀಕೆ ಆಗಲೂ ಇತ್ತು, ಅದು ಸುಳ್ಳೂ ಅಲ್ಲ. ಆದರೆ ಮೂರು ವರ್ಷ ಮುಗಿಸಿ ಹೊರಬಂದವಳ ಕೈ ಪಳಗಿರುತ್ತಿತ್ತು ಎಂಬುದೂ ಅಷ್ಟೇ ನಿಜ. ಇಂದಿನ ಕಾಲೇಜುಗಳು ಇಂಟರ್ನ್‌ಶಿಪ್ ಎಂದು ಕೊನೆಯಲ್ಲಿ ಇಡುವುದನ್ನು ಆ ಕಾಲ ಮೊದಲ ದಿನದಿಂದಲೇ ಇಟ್ಟಿತ್ತು.

ಆಸ್ಪತ್ರೆ ತಾನೇ ಕಲಿಸಿ ತಾನೇ ಪಾಸು ಮಾಡಿದರೆ ಹೊರಗೆ ಬೆಲೆ ಇರುವುದಿಲ್ಲ. 1908ರಲ್ಲಿ ಭಾರತೀಯ ತರಬೇತಾದ ನರ್ಸುಗಳ ಸಂಘ ಹುಟ್ಟಿತು. 1910ರ ದಶಕದಲ್ಲಿ ದಕ್ಷಿಣ ಭಾರತದ ಮಿಷನ್ ಆಸ್ಪತ್ರೆಗಳೆಲ್ಲ ಸೇರಿ ಒಂದು ಜಂಟಿ ಪರೀಕ್ಷಾ ಮಂಡಳಿ ಮಾಡಿಕೊಂಡವು. ಇದರಿಂದ ಸಣ್ಣ ಊರಿನ ಆಸ್ಪತ್ರೆಯಲ್ಲಿ ಕಲಿತವಳ ಸರ್ಟಿಫಿಕೇಟಿಗೂ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಮನ್ನಣೆ ಬಂತು. ಕಲಿಕೆಗೆ ಎರಡು ದರ್ಜೆಗಳಿದ್ದವು. ಇಂಗ್ಲಿಷಿನಲ್ಲಿ ಓದಬಲ್ಲವರಿಗೆ ಮೇಲಿನದು, ದೇಶಭಾಷೆಯಲ್ಲಿ ಓದಿದವರಿಗೆ ಕೆಳಗಿನದು. ಚಿಕ್ಕಬಳ್ಳಾಪುರದಂಥ ಊರಿನಲ್ಲಿ ಈ ಏರ್ಪಾಡು ವಿಚಿತ್ರವಾಗಿ ಕಾಣುತ್ತದೆ. ಬಾಗೇಪಲ್ಲಿಯಿಂದ ಬಂದ ರೋಗಿ ತೆಲುಗಾಡುತ್ತಾನೆ, ಶಿಡ್ಲಘಟ್ಟದ ರೇಷ್ಮೆ ಬಿಚ್ಚುವ ಮನೆಯಿಂದ ಬಂದವಳು ದಖ್ಖನಿ ಉರ್ದುವಿನಲ್ಲಿ ನೋವು ಹೇಳಿಕೊಳ್ಳುತ್ತಾಳೆ, ಪೇಟೆಯವರು ಕನ್ನಡ. ಈ ಮೂರನ್ನೂ ಬಲ್ಲ ಹುಡುಗಿ ಕೆಳದರ್ಜೆ, ಇಂಗ್ಲಿಷ್ ಪುಸ್ತಕ ಓದಬಲ್ಲವಳು ಮೇಲ್ದರ್ಜೆ.

ಊರಿನ ಮೇಲುಜಾತಿಯ ಮನೆಗಳು ಬಹುಕಾಲ ಈ ಕೆಲಸದಿಂದ ದೂರ ನಿಂತವು. ಪರಗಂಡಸಿನ ಮೈ ಮುಟ್ಟಬೇಕು, ಮಲಮೂತ್ರ ಎತ್ತಬೇಕು, ರಾತ್ರಿ ಮನೆಯ ಹೊರಗಿರಬೇಕು. ಈ ಮೂರರಲ್ಲಿ ಒಂದೊಂದೂ ಹೆಣ್ಣಿನ ಮದುವೆಗೆ ಅಡ್ಡಿ ಎನ್ನಿಸುತ್ತಿತ್ತು. ಹೀಗಾಗಿ ಮೊದಲ ತಲೆಮಾರಿನ ನರ್ಸುಗಳಲ್ಲಿ ಕ್ರೈಸ್ತ ಹೆಣ್ಣುಮಕ್ಕಳೇ ಹೆಚ್ಚು. ಗಂಡಸರ ವಾರ್ಡುಗಳಲ್ಲಿ ಗಂಡಸರೇ ಆರೈಕೆಗೆ ನಿಲ್ಲುವ ರೂಢಿಯೂ ಇತ್ತು. ಕಾಂಪೌಂಡರ್, ಡ್ರೆಸ್ಸರ್ ಎಂಬ ಹೆಸರಿನಲ್ಲಿ ಅವರು ಮಾಡಿದ ಕೆಲಸದಲ್ಲಿ ನರ್ಸಿಂಗ್ ಪಾಲು ಸಾಕಷ್ಟಿದ್ದರೂ ನರ್ಸಿಂಗ್ ಇತಿಹಾಸದ ಪುಸ್ತಕಗಳು ಅವರನ್ನು ಮರೆತಿವೆ.

ಆಸ್ಪತ್ರೆಯ ಗೋಡೆಯ ಆಚೆಗಿನ ನರ್ಸಿಂಗಿಗೆ ಮೈಸೂರು ಸರ್ಕಾರ ಕೈಹಾಕಿದ್ದು 1920ರ ದಶಕದ ಕೊನೆಯಲ್ಲಿ. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1929ರಲ್ಲಿ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕ ಆರಂಭವಾಯಿತು. 1930ರ ದಶಕದಲ್ಲಿ ಕ್ಲೋಸ್‌ಪೇಟೆ, ಅಂದರೆ ಇಂದಿನ ರಾಮನಗರದಲ್ಲಿ, ತರಬೇತಿ ಕೇಂದ್ರವೂ ಬಂತು. 1935ರಲ್ಲಿ ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆ ತೆರೆದ ಮೇಲೆ ಹೆರಿಗೆ ಕಲಿಯಲು ಸಂಸ್ಥಾನದೊಳಗೇ ದೊಡ್ಡ ಜಾಗ ಸಿಕ್ಕಿತು. ಇಷ್ಟಾದರೂ ಕೊರತೆ ಎಷ್ಟಿತ್ತೆಂದರೆ, 1946ರಲ್ಲಿ ಬಂದ ಭೋರ್ ಸಮಿತಿ ವರದಿಯ ಪ್ರಕಾರ ಇಡೀ ದೇಶದಲ್ಲಿ ಸುಮಾರು 7,000 ನರ್ಸುಗಳಿದ್ದರು, 43,000 ಜನಕ್ಕೆ ಒಬ್ಬರಂತೆ. ಅದೇ ವರ್ಷ ದೆಹಲಿಯಲ್ಲೂ ವೆಲ್ಲೂರಿನಲ್ಲೂ ನರ್ಸಿಂಗ್ ಪದವಿ ಕೋರ್ಸುಗಳು ಶುರುವಾದವು. ವೆಲ್ಲೂರು ಕೋಲಾರದ ಗಡಿಗೆ ದೂರವಲ್ಲದ ಊರು. 1909ರಿಂದ ಅಲ್ಲಿ ನಡೆಯುತ್ತಿದ್ದ ನರ್ಸಿಂಗ್ ಶಾಲೆ ದಕ್ಷಿಣದ ಮಿಷನ್ ಆಸ್ಪತ್ರೆಗಳಿಗೆಲ್ಲ ಮಾದರಿಯಾಗಿತ್ತು.

ಸ್ವಾತಂತ್ರ್ಯ ಬಂದ ವರ್ಷ ಎರಡು ಬದಲಾವಣೆಗಳಾದವು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ (ಸಿಎಸ್‌ಐ) ರೂಪುಗೊಂಡು ಚಿಕ್ಕಬಳ್ಳಾಪುರದ ಮಿಷನ್ ಆಸ್ಪತ್ರೆ ಸಿಎಸ್‌ಐ ಆಸ್ಪತ್ರೆಯಾಯಿತು. ಡಿಸೆಂಬರ್ ಕೊನೆಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂತು. ಹೆಸರು ಬದಲಾದದ್ದು ಊರಿಗೆ ಕಂಡಿತು. ಕಾಯ್ದೆ ಯಾರಿಗೂ ಕಾಣಲಿಲ್ಲ, ಆದರೆ ಮುಂದಿನ ಎಪ್ಪತ್ತೈದು ವರ್ಷ ಯಾರು ನರ್ಸ್ ಆಗಬಹುದು, ಎಷ್ಟು ವರ್ಷ ಓದಬೇಕು, ಎಷ್ಟು ದಿನ ಯಾವ ವಾರ್ಡಿನಲ್ಲಿ ನಿಲ್ಲಬೇಕು ಎಂಬುದಕ್ಕೆಲ್ಲ ಅದೇ ಗೆರೆ ಎಳೆಯಿತು. ದೇಶಭಾಷೆಯ ಕೆಳದರ್ಜೆ ಕ್ರಮೇಣ ಕಣ್ಮರೆಯಾಯಿತು. ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ, ಅಂದರೆ ಜಿಎನ್‌ಎಂ, ಮೂರು ಮೂರೂವರೆ ವರ್ಷಗಳ ಡಿಪ್ಲೊಮಾ ಆಗಿ ನಿಂತಿತು. ಹಳ್ಳಿಗಳಿಗಾಗಿ ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್ (ಎಎನ್‌ಎಂ) ಎಂಬ ಚಿಕ್ಕ ಕೋರ್ಸು ಬಂತು. 1961ರಲ್ಲಿ ರಾಜ್ಯದ್ದೇ ಆದ ನರ್ಸುಗಳ, ಸೂಲಗಿತ್ತಿಯರ ಮತ್ತು ಆರೋಗ್ಯ ಸಂದರ್ಶಕಿಯರ ಕಾಯ್ದೆ ಬಂದು ರಾಜ್ಯ ಪರಿಷತ್ತಿನ ನೋಂದಣಿ ಕಡ್ಡಾಯವಾಯಿತು.

ಎಎನ್‌ಎಂ ಈ ಸೀಮೆಯ ಹಳ್ಳಿಗಳಿಗೆ ಮೊದಲು ಪರಿಚಯವಾದ ನರ್ಸ್. ಆಸ್ಪತ್ರೆ ನೋಡದವರೂ ಉಪಕೇಂದ್ರದ ನರ್ಸಮ್ಮನನ್ನು ಬಲ್ಲರು. ಕುಟುಂಬ ಯೋಜನೆ, ಲಸಿಕೆ, ಬಾಣಂತಿಯ ತಪಾಸಣೆ ಎಲ್ಲ ಅವಳ ಚೀಲದಲ್ಲಿ ಬಂದವು. ಮೊದಲೆಲ್ಲ ನರ್ಸ್ ಕೆಲಸವೆಂದರೆ ಮೂಗು ಮುರಿಯುತ್ತಿದ್ದ ಮನೆಗಳು ಸರ್ಕಾರಿ ಸಂಬಳ, ಪಿಂಚಣಿ ಕಂಡ ಮೇಲೆ ಮಗಳಿಗೆ ಅರ್ಜಿ ತರಿಸತೊಡಗಿದವು. ಮನಸ್ಸು ಬದಲಿಸಿದ್ದು ಸೇವೆಯ ಮೇಲಿನ ಭಾಷಣಗಳಲ್ಲ, ತಿಂಗಳ ಮೊದಲ ತಾರೀಖು.

ಅರ್ಜಿಗೆ ಮುಂಚಿನ ಸಿದ್ಧತೆಯಲ್ಲಿ ದೊಡ್ಡ ಅಡ್ಡಿಯಾದದ್ದು ವಿಜ್ಞಾನ. ದಶಕಗಳ ಕಾಲ ನರ್ಸಿಂಗ್ ತರಬೇತಿಗೆ ಎಸ್ಸೆಸ್ಸೆಲ್ಸಿ ಸಾಕಿತ್ತು. ಪದವಿ ಕೋರ್ಸಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕೆಂದಾಗ ಹಳ್ಳಿಯ ಹುಡುಗಿಯರಿಗೆ ಮೊದಲ ಪ್ರಶ್ನೆ ಎದುರಾದದ್ದು ನರ್ಸಿಂಗ್ ಕಾಲೇಜು ಎಲ್ಲಿದೆ ಎಂಬುದಲ್ಲ, ಪ್ರಯೋಗಾಲಯ ಇರುವ ಪಿಯು ಕಾಲೇಜು ಎಲ್ಲಿದೆ ಎಂಬುದು. ಈ ವಿಷಯದಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರ ಪಾಲು ದೊಡ್ಡದು. ಭೌತಶಾಸ್ತ್ರದ ಮೇಷ್ಟರಾಗಿದ್ದ ಅವರು ನ್ಯಾಷನಲ್ ಎಜುಕೇಷನ್ ಸೊಸೈಟಿಯ ಕಾಲೇಜುಗಳನ್ನು ಗೌರಿಬಿದನೂರಿಗೂ ಬಾಗೇಪಲ್ಲಿಗೂ ತಂದರು. ನರ್ಸಿಂಗ್ ಇತಿಹಾಸದಲ್ಲಿ ಅವರ ಹೆಸರು ಯಾರೂ ಹೇಳುವುದಿಲ್ಲ. ಆದರೆ ಬೆಂಗಳೂರಿಗೆ ಹೋಗದೆ ವಿಜ್ಞಾನ ಓದುವ ದಾರಿ ಇಲ್ಲದಿದ್ದರೆ ಆ ಎರಡು ತಾಲ್ಲೂಕುಗಳ ಎಷ್ಟೋ ಹೆಣ್ಣುಮಕ್ಕಳಿಗೆ ಬಿಎಸ್‌ಸಿ ನರ್ಸಿಂಗ್ ಬಾಗಿಲು ಮುಚ್ಚಿಯೇ ಇರುತ್ತಿತ್ತು.

1990ರ ದಶಕದಲ್ಲಿ ನಕ್ಷೆ ತಲೆಕೆಳಗಾಯಿತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿ ರಾಜ್ಯದ ನರ್ಸಿಂಗ್ ಪದವಿಗಳೆಲ್ಲ ಒಂದೇ ಸೂರಿನಡಿ ಬಂದವು. ಖಾಸಗಿ ನರ್ಸಿಂಗ್ ಕಾಲೇಜುಗಳು ನೂರಾರು ತೆರೆದವು. ಕೇರಳದಿಂದ, ಆಮೇಲೆ ಬಂಗಾಳ ಮತ್ತು ಈಶಾನ್ಯ ರಾಜ್ಯಗಳಿಂದ ವಿದ್ಯಾರ್ಥಿಗಳು ಬೆಂಗಳೂರಿನ ಸುತ್ತಮುತ್ತ ಬಂದಿಳಿದರು. ಇಲ್ಲಿ ಹಳೆಯ ವ್ಯವಸ್ಥೆ ಬುಡಮೇಲಾಯಿತು. ಮೊದಲು ಆಸ್ಪತ್ರೆಗೆ ಶಾಲೆ ಇರುತ್ತಿತ್ತು; ಈಗ ಕಾಲೇಜು ಮೊದಲು ಹುಟ್ಟಿ ಆಮೇಲೆ ಆಸ್ಪತ್ರೆ ಹುಡುಕಬೇಕಾಯಿತು. ಕಾಲೇಜಿಗೆ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಸಿಗಬೇಕು ಎಂಬ ನಿಯಮಗಳನ್ನು ಪರಿಷತ್ತು ಮಾಡಿದ್ದು ಈ ಅಂತರವನ್ನು ಮುಚ್ಚಲಿಕ್ಕೆ. ಕಾಲೇಜುಗಳಿಗೆ ಮಾನ್ಯತೆ ಕೊಡುವವರು ಯಾರು, ಕೇಂದ್ರದ ಪರಿಷತ್ತೋ ರಾಜ್ಯವೋ, ಎಂಬ ಜಗಳ ಕೋರ್ಟಿಗೂ ಹೋಯಿತು. 2017ರಲ್ಲಿ ಕರ್ನಾಟಕ ಹೈಕೋರ್ಟ್ ಆ ಅಧಿಕಾರ ರಾಜ್ಯದ್ದು ಎಂದು ಹೇಳಿದಾಗ, ಹೊರರಾಜ್ಯಗಳಿಂದ ಬಂದು ಕೂತಿದ್ದ ವಿದ್ಯಾರ್ಥಿಗಳು ತಮ್ಮ ಸರ್ಟಿಫಿಕೇಟ್ ಊರಿನಲ್ಲಿ ನಡೆಯುತ್ತದೋ ಇಲ್ಲವೋ ಎಂದು ಕಂಗಾಲಾದರು.

ಕಾಲೇಜು ಒಂದೆಡೆ, ಹಾಸಿಗೆ ಇನ್ನೊಂದೆಡೆ ಆದ ಮೇಲೆ ಕ್ಲಿನಿಕಲ್ ಪೋಸ್ಟಿಂಗ್, ಅಂದರೆ ಆಸ್ಪತ್ರೆಯಲ್ಲಿ ನಿಂತು ಕಲಿಯುವುದು, ದಿನನಿತ್ಯದ ಪಯಣವಾಯಿತು. ಅಮೆರಿಕದಲ್ಲಿ ನರ್ಸಿಂಗ್ ವಿದ್ಯಾರ್ಥಿ ಕೊನೆಯ ವರ್ಷಕ್ಕೆ ಮುಂಚಿನ ಬೇಸಿಗೆಯಲ್ಲಿ ತಾನೇ ಆಸ್ಪತ್ರೆಗೆ ಅರ್ಜಿ ಹಾಕಿ, ಸಂದರ್ಶನ ಎದುರಿಸಿ, ಎಕ್ಸ್‌ಟರ್ನ್ ಆಗಿ ಕೆಲಸ ಕಲಿಯುವ ಪದ್ಧತಿ ಇದೆ. ಇಲ್ಲಿ ಪತ್ರ ಬರೆಯುವುದು ಪ್ರಿನ್ಸಿಪಾಲರು. ಜಿಲ್ಲಾ ಆಸ್ಪತ್ರೆಯ ಅನುಮತಿ, ಕಟ್ಟಬೇಕಾದ ಶುಲ್ಕ, ಯಾವ ತಂಡ ಯಾವ ವಾರ ಯಾವ ವಾರ್ಡಿಗೆ ಎಂಬ ಪಟ್ಟಿ ಎಲ್ಲ ಕಾಲೇಜಿನ ಹೊಣೆ. ಬೆಳಿಗ್ಗೆ ಬಸ್ಸು ಹತ್ತಿದ ವಿದ್ಯಾರ್ಥಿನಿ ಒಂದು ತಿಂಗಳು ಹೆರಿಗೆ ವಾರ್ಡಿನಲ್ಲಿ, ಇನ್ನೊಂದು ತಿಂಗಳು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ, ಮತ್ತೊಂದು ತಿಂಗಳು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಮನೋರೋಗ ಶುಶ್ರೂಷೆಗೆ ರಾಜ್ಯದ ಬಹುತೇಕ ಕಾಲೇಜುಗಳ ಕಣ್ಣು ಬೆಂಗಳೂರಿನ ನಿಮ್ಹಾನ್ಸ್ ಕಡೆಗೆ. ಅಲ್ಲಿ, ಅದು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿದ್ದ 1950ರ ದಶಕದಿಂದಲೂ, ಮನೋರೋಗ ಶುಶ್ರೂಷೆಯ ತರಬೇತಿ ನಡೆದಿದೆ. ದೊಡ್ಡ ಸಂಖ್ಯೆಯ ಹಾಸಿಗೆ ಹತ್ತಿರದಲ್ಲಿ ಬೇಕೆಂದರೆ ಕೋಲಾರದ ಟಮಕದಲ್ಲಿ 1986ರಲ್ಲಿ ಶುರುವಾದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇತ್ತು.

ಪೋಸ್ಟಿಂಗಿಗೆ ಹೊರಡುವ ವಿದ್ಯಾರ್ಥಿಯ ಚೀಲದ ತುಂಬ ಕಾಗದ. ಮಾಡಿದ ಕೆಲಸಕ್ಕೆಲ್ಲ ಸಹಿ ಹಾಕಿಸುವ ಲಾಗ್‌ಬುಕ್, ಔಷಧಗಳ ಪುಸ್ತಕ, ಒಬ್ಬೊಬ್ಬ ರೋಗಿಯ ಕೇಸ್ ಸ್ಟಡಿ, ಆರೈಕೆಯ ಯೋಜನೆ, ಮಾಡಿಸಿದ ಹೆರಿಗೆಗಳ ದಾಖಲೆ. ಸಹಿ ಇಲ್ಲದ ಕೆಲಸ ಮಾಡದ ಕೆಲಸಕ್ಕೆ ಸಮ. ನೈಟಿಂಗೇಲ್ ಕಾಲದ ಪ್ರೊಬೇಷನರ್ ದಣಿಯುತ್ತಿದ್ದುದು ತೊಳೆಯುವುದರಲ್ಲಿ, ಈಗಿನವರು ದಣಿಯುವುದು ಬರೆಯುವುದರಲ್ಲಿ. ಒಂದೇ ಸರ್ಕಾರಿ ವಾರ್ಡಿಗೆ ಹಲವು ಕಾಲೇಜುಗಳ ತಂಡಗಳು ಒಂದೇ ವಾರ ಬಂದರೆ, ಒಂದು ಇಂಜೆಕ್ಷನ್ ಕೊಡಲು ಹತ್ತು ಜನ ಸುತ್ತ ನಿಲ್ಲುವ ಪರಿಸ್ಥಿತಿಯೂ ಬರುತ್ತದೆ. ಕೈಗೆ ಸಿಗಬೇಕಾದ ಕೆಲಸ ಕಣ್ಣಿಗೆ ಮಾತ್ರ ಸಿಗುವುದು ಈ ವ್ಯವಸ್ಥೆಯ ದೊಡ್ಡ ದೋಷ.

2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. 2011ರ ಜನಗಣತಿಯ ಹೊತ್ತಿಗೆ 12.55 ಲಕ್ಷ ಜನಸಂಖ್ಯೆ ಇದ್ದ ಹೊಸ ಜಿಲ್ಲೆಗೆ ತನ್ನದೇ ಜಿಲ್ಲಾ ಆಸ್ಪತ್ರೆ ಬಂತು. 2020ರ ಮಾರ್ಚ್‌ನಲ್ಲಿ ಗೌರಿಬಿದನೂರು ರಾಜ್ಯದ ಮೊದಲ ಕೋವಿಡ್ ಗುಂಪುಗಳಲ್ಲಿ ಒಂದಾಗಿ ಸುದ್ದಿಯಾಯಿತು. ಮರುವರ್ಷ ಎರಡನೆಯ ಅಲೆ ಏರಿದಾಗ, ಮೇ ತಿಂಗಳಲ್ಲಿ, ನರ್ಸಿಂಗ್ ಮುಗಿಸಿದವರನ್ನು ಹಿರಿಯ ನರ್ಸುಗಳ ಉಸ್ತುವಾರಿಯಲ್ಲಿ ಕೋವಿಡ್ ಕೆಲಸಕ್ಕೆ ತೊಡಗಿಸಲು, 100 ದಿನ ದುಡಿದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಆದ್ಯತೆ ಕೊಡಲು ಕೇಂದ್ರ ತೀರ್ಮಾನಿಸಿತು. ಅದೇ 2021ರಲ್ಲಿ ಚಿಕ್ಕಬಳ್ಳಾಪುರಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. 2023ರ ಮಾರ್ಚ್ 25ರಂದು ಮುದ್ದೇನಹಳ್ಳಿಯಲ್ಲಿ ಇನ್ನೊಂದು ವೈದ್ಯಕೀಯ ಕಾಲೇಜು ಉದ್ಘಾಟನೆಯಾಯಿತು. ವೈದ್ಯಕೀಯ ಕಾಲೇಜೆಂದರೆ ಬೋಧಕ ಆಸ್ಪತ್ರೆ. ಬೋಧಕ ಆಸ್ಪತ್ರೆಯೆಂದರೆ ನರ್ಸಿಂಗ್ ವಿದ್ಯಾರ್ಥಿಗೂ ಹಾಸಿಗೆಗಳು. ಒಂದು ಶತಮಾನ ಕಾಲ ಮಿಷನ್ ಆಸ್ಪತ್ರೆಯ ಸುತ್ತ ಇದ್ದ ಕಲಿಕೆಗೆ ಊರಿನಲ್ಲೇ ಬೇರೆ ಕೇಂದ್ರಗಳು ಸಿಕ್ಕವು.

ಕೋರ್ಸಿನ ಸ್ವರೂಪವೂ ಅದೇ ಹೊತ್ತಿಗೆ ಬದಲಾಯಿತು. 2021ರ ಪರಿಷ್ಕೃತ ನಿಯಮಗಳು ಬಿಎಸ್‌ಸಿ ನರ್ಸಿಂಗನ್ನು ಸೆಮಿಸ್ಟರ್ ಪದ್ಧತಿಗೆ ತಂದವು. ಎಂಟನೆಯ ಸೆಮಿಸ್ಟರಿನ 22 ವಾರ ಇಂಟರ್ನ್‌ಶಿಪ್ಪಿಗೆ ಮೀಸಲು: ಸಮುದಾಯ ಆರೋಗ್ಯ, ವಯಸ್ಕರ ಆರೋಗ್ಯ, ಮಕ್ಕಳ ಆರೋಗ್ಯ, ಮಾನಸಿಕ ಆರೋಗ್ಯ, ಹೆರಿಗೆ ಹೀಗೆ ಸರದಿಯ ಮೇಲೆ. ಸೇರಲು ಪಿಯುಸಿಯಲ್ಲಿ ವಿಜ್ಞಾನದ ಮೂರು ವಿಷಯಗಳ ಜೊತೆ ಇಂಗ್ಲಿಷ್ ಇರಬೇಕು, ಸಾಮಾನ್ಯ ವರ್ಗಕ್ಕೆ ಶೇ 45, ಪರಿಶಿಷ್ಟ ಜಾತಿ ಪಂಗಡಗಳಿಗೆ ಶೇ 40 ಅಂಕ ಬೇಕು. 2023ರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಮೂಲಕ ಸೀಟು ಹಂಚಿಕೆಯಾಗುತ್ತಿದೆ. ಜಿಎನ್‌ಎಂಗೆ ಯಾವ ವಿಭಾಗದ ಪಿಯುಸಿಯಾದರೂ ನಡೆಯುತ್ತದೆ. ಅದರ ಪರೀಕ್ಷೆ ನಡೆಸುವುದು ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ. ಪಾದ್ರಿಯ ಶಿಫಾರಸು ಪತ್ರದ ಜಾಗದಲ್ಲಿ ಈಗ ರ‍್ಯಾಂಕ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ದೃಢೀಕರಣ ಪತ್ರಗಳಿವೆ. ಕನ್ನಡದಲ್ಲಿ ಓದಿದವಳಿಗೆ ಒಂದು ಕಾಲದಲ್ಲಿ ಕೆಳದರ್ಜೆಯ ಸರ್ಟಿಫಿಕೇಟ್ ಕಾದಿತ್ತು. ಈಗ ಕನ್ನಡ ಮಾಧ್ಯಮಕ್ಕೆ ಮೀಸಲಾತಿ ಇದೆ, ಒಳಗೆ ಹೋದ ಮೇಲೆ ಪುಸ್ತಕ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲೇ.

1947ರ ಪರಿಷತ್ತಿನ ಕಾಯ್ದೆಯ ಜಾಗಕ್ಕೆ 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು. ದೇಶಕ್ಕೆಲ್ಲ ಒಂದೇ ನೋಂದಣಿ ಪುಸ್ತಕ, ಪ್ರವೇಶಕ್ಕೆ ಏಕರೂಪದ ಪರೀಕ್ಷೆ ಅದರ ಉದ್ದೇಶಗಳಲ್ಲಿ ಸೇರಿವೆ.